ಕೋಡ್‌ಗಿಂತ ಮೊದಲು ಬರಹ: ವಿದ್ಯಾರ್ಥಿಗಳಿಗೆ ಓಪನ್ ಸೋರ್ಸ್ ಸಹಯೋಗ ಕಲಿಸುವುದು ಹೇಗೆ?

ಹಾಸನದ ಕಾಲೇಜೊಂದರಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಐದನೇ ಸೆಮಿಸ್ಟರ್ ಹೊತ್ತಿಗೆ ಅವರಿಗೆ ಪೈಥಾನ್ ಬರುತ್ತದೆ, ಜಾವಾ ಬರುತ್ತದೆ, ಡೇಟಾಬೇಸ್ ಬರುತ್ತದೆ. ಆದರೆ ಮುಖವನ್ನೇ ನೋಡದ ಒಬ್ಬರಿಗೆ ‘ನಿಮ್ಮ ತಂತ್ರಾಂಶದಲ್ಲಿ ಇಲ್ಲೊಂದು ತಪ್ಪಿದೆ, ಹೀಗೆ ಸರಿಮಾಡಬಹುದೇ?’ ಎಂದು ನಾಲ್ಕು ಸಾಲು ಬರೆಯಿರಿ ಅಂದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ‘ಮೇಡಂ, ಕೋಡ್ ಬೇಕಾದ್ರೆ ಬರೀತೀವಿ, ಇದು ಬೇಡ’ ಅನ್ನುತ್ತಾರೆ.

ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ತಂತ್ರಾಂಶ, ನಿಂತಿರುವುದೇ ಆ ನಾಲ್ಕು ಸಾಲಿನ ಮೇಲೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರುಮಾಡಿದಾಗ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಾನು ಏನು ಮಾಡುತ್ತಿದ್ದೇನೆಂದು ಅಪರಿಚಿತರಿಗೆ ಬರೆದು ಅಭಿಪ್ರಾಯ ಕೇಳಿದ್ದು. ಸಾವಿರಾರು ಜನ ಕಳುಹಿಸುವ ತಿದ್ದುಪಡಿಗಳನ್ನು ಒಂದೆಡೆ ಸೇರಿಸಲು ಒಳ್ಳೆಯ ಸಾಧನ ಬೇಕಾದಾಗ 2005ರಲ್ಲಿ ಗಿಟ್ ಬರೆದದ್ದೂ ಅವರೇ. ಗಿಟ್ ಆಜ್ಞೆಗಳನ್ನು ಎರಡು ದಿನದಲ್ಲಿ ಕಲಿಸಬಹುದು. ಎದುರಿಗಿಲ್ಲದವರಿಗೆ ಅರ್ಥವಾಗುವ ಹಾಗೆ ಬರೆಯುವುದನ್ನು ಕಲಿಸಲು ನನಗೆ ಹತ್ತು ವಾರ ಹಿಡಿಯುತ್ತದೆ. ವಾರಕ್ಕೆ ಎರಡು ಗಂಟೆಯಂತೆ ಆ ಹತ್ತು ವಾರ ಏನು ಮಾಡುತ್ತೇನೆಂಬುದನ್ನು ಇಲ್ಲಿ ಬರೆದಿದ್ದೇನೆ. ಹೈಸ್ಕೂಲಿನಲ್ಲಿ ಕಲಿಸುವವರೂ ಮೊದಲ ಮೂರು ಹಂತಗಳನ್ನು ಹಾಗೆಯೇ ಬಳಸಬಹುದು.

ತಯಾರಿ

ಮೊದಲು ನೀವೇ ಗಿಟ್‌ ಯೋಜನೆಗಳನ್ನು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಒಂದು ಖಾತೆ ತೆರೆದು, ಹೊರಗಿನ ಯೋಜನೆಗಳಿಗೆ ಕನಿಷ್ಠ ಮೂರು ಸಣ್ಣ ತಿದ್ದುಪಡಿ ಕಳುಹಿಸಿ. ಒಂದಾದರೂ ತಿರಸ್ಕಾರವಾಗಲಿ. ಆ ಅನುಭವವಿಲ್ಲದೆ ಮಕ್ಕಳಿಗೆ ಸಮಾಧಾನ ಹೇಳಲು ಆಗುವುದಿಲ್ಲ.

ಒಂದು ಬ್ಯಾಚಿಗೆ ಹದಿನೈದು ಜನ ಸಾಕು. ಮೂವರ ತಂಡ ಮಾಡಿ, ಮೂವರೂ ಒಂದೇ ಊರಿನವರು ಆಗದ ಹಾಗೆ ನೋಡಿಕೊಳ್ಳಿ. ನನ್ನ ತಂಡಗಳಲ್ಲಿ ಹಾಸನ ಪೇಟೆಯವರು ಒಬ್ಬರು, ಅರಕಲಗೂಡು ಅಥವಾ ಹೊಳೆನರಸೀಪುರದ ಕಡೆಯವರು ಒಬ್ಬರು, ಸಕಲೇಶಪುರದ ಮೇಲಿನ ಹಳ್ಳಿಯವರು ಒಬ್ಬರು ಇರುತ್ತಾರೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ದಿನಗಳು ಬರುತ್ತವೆ. ಅದನ್ನು ಅಡ್ಡಿಯೆಂದು ನೋಡಬೇಡಿ, ಅದೇ ಪಾಠ. ಬರ್ಲಿನ್‌ನಲ್ಲಿ ಕೂತು ಯೋಜನೆ ನೋಡಿಕೊಳ್ಳುವ ನಿರ್ವಾಹಕ ಮಲಗಿರುವಾಗ ಹಾಸನದ ಹುಡುಗಿ ಕೆಲಸ ಮಾಡುತ್ತಿರುತ್ತಾಳೆ. ಉತ್ತರ ಎರಡು ದಿನ ಬಿಟ್ಟು ಬಂದರೂ ಕೆಲಸ ನಿಲ್ಲದಂತೆ ಬರೆಯುವುದು ಹೇಗೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಲ್ಯಾಪ್‌ಟಾಪ್ ಇಲ್ಲದ ಮಕ್ಕಳನ್ನು ಹೊರಗಿಡಬೇಡಿ. ಗಿಟ್‌ಹಬ್‌ನಲ್ಲಿ ಒಂದು ಕಡತವನ್ನು ತಿದ್ದಿ ಪುಲ್ ರಿಕ್ವೆಸ್ಟ್, ಅಂದರೆ ‘ನನ್ನ ತಿದ್ದುಪಡಿ ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಕಳುಹಿಸುವುದನ್ನು ಬ್ರೌಸರ್‌ನಲ್ಲೇ ಮಾಡಬಹುದು, ಫೋನ್ ಸಾಕಾಗುತ್ತದೆ. ಗಿಟ್‌ಹಬ್ ಖಾತೆಗೆ ಕನಿಷ್ಠ 13 ವರ್ಷವಾಗಿರಬೇಕೆಂಬುದು ಹೈಸ್ಕೂಲಿನವರಿಗೆ ನೆನಪಿರಲಿ.

ಖಾತೆ ತೆರೆಯುವ ದಿನವೇ ಮಾಡಿಸಬೇಕಾದ ಒಂದು ಕೆಲಸವಿದೆ. ಗಿಟ್‌ನ ಪ್ರತಿ ಕಮಿಟ್ (ದಾಖಲಿಸಿದ ಒಂದು ಬದಲಾವಣೆ) ಜೊತೆ ಬರೆದವರ ಇಮೇಲ್ ವಿಳಾಸ ಸೇರಿಕೊಳ್ಳುತ್ತದೆ. ಸಾರ್ವಜನಿಕ ಯೋಜನೆಗೆ ಹೋದ ಮೇಲೆ ಅದು ಇತಿಹಾಸದಲ್ಲಿ ಉಳಿದುಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಇಮೇಲ್ ಗುಟ್ಟಾಗಿಡುವ ಆಯ್ಕೆಯನ್ನು ಒತ್ತಿಸಿ, ಅಲ್ಲಿ ಕೊಡುವ ಬದಲಿ ವಿಳಾಸವನ್ನೇ ಬಳಸಲು ಹೇಳಿ. ಎರಡು ಹಂತದ ಲಾಗಿನ್ ಹಾಕಿಸಿ. ಫೋನ್ ನಂಬರ್, ಮನೆ ವಿಳಾಸ, ಕಾಲೇಜಿಗೆ ಬರುವ ಬಸ್ಸಿನ ಸಮಯ, ಇವು ಯಾವುವೂ ಪ್ರೊಫೈಲ್‌ನಲ್ಲಿ ಬೇಡ. ಪೂರ್ತಿ ಹೆಸರು ಹಾಕಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ಹೆಣ್ಣುಮಕ್ಕಳು ಹೇಳದಿದ್ದರೂ ಇದನ್ನು ನೀವೇ ಹೇಳಬೇಕು.

ಕೊನೆಯದಾಗಿ ಒಂದು ನಿಯಮ: ವಾಟ್ಸಾಪ್‌ನಲ್ಲಿ ಆದ ತೀರ್ಮಾನ ತೀರ್ಮಾನವಲ್ಲ. ಮಾತಾಡಿಕೊಳ್ಳಲಿ, ಬೇಡವೆನ್ನುವುದಿಲ್ಲ. ಮಾತಿನ ಫಲ ಮಾತ್ರ ಯೋಜನೆಯ ಪುಟದಲ್ಲಿ ಬರಹವಾಗಿ ಇರಬೇಕು. ಹತ್ತು ವಾರದಲ್ಲಿ ಅತಿ ಹೆಚ್ಚು ಮುರಿಯುವ ನಿಯಮವೂ ಇದೇ. ನಾನು ಇದರಲ್ಲಿ ಮಾತ್ರ ಸಡಿಲ ಬಿಡುವುದಿಲ್ಲ.

ಹಂತ 1: ಕಾಗದದ ಮೇಲೆ ದೂರು

ಮೊದಲ ತರಗತಿಯಲ್ಲಿ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಮುಯ್ಯಿಯ ಮಾತು ತೆಗೆಯುತ್ತೇನೆ. ಮಲೆನಾಡಿನ ಕಡೆಯ ಮಕ್ಕಳಿಗೆ ಗೊತ್ತು: ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು ಬರುತ್ತೀರಿ. ಓಪನ್ ಸೋರ್ಸ್ ಹತ್ತಿರ ಹತ್ತಿರ ಅದೇ. ಒಂದೇ ವ್ಯತ್ಯಾಸವೆಂದರೆ ಮುಯ್ಯಾಳಿಗೆ ಗದ್ದೆ ಗೊತ್ತು, ಮನೆ ಗೊತ್ತು, ಕೆಲಸ ಗೊತ್ತು. ‘ಬಾ’ ಎಂದರೆ ಸಾಕು. ಇಲ್ಲಿ ಸಹಾಯಕ್ಕೆ ಬರುವವರಿಗೆ ನಿಮ್ಮ ಗದ್ದೆ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಎಲ್ಲವನ್ನೂ ಬರಹವೇ ಹೇಳಬೇಕು.

ಆಮೇಲೆ ಅಭ್ಯಾಸ. ತಂತ್ರಾಂಶದಲ್ಲಿ ಕಂಡ ಒಂದು ತೊಂದರೆಯನ್ನು ಬರೆಯಿರಿ ಅನ್ನುತ್ತೇನೆ. ಮೊದಲ ಸಲ ಬರುವುದು ಇಂಥದ್ದು: ‘ಕನ್ನಡ ಸರಿಯಾಗಿ ಬರ್ತಿಲ್ಲ. ದಯವಿಟ್ಟು ಬೇಗ ಸರಿಮಾಡಿ.’ ಈ ಚೀಟಿಯನ್ನು ಪಕ್ಕದ ತಂಡಕ್ಕೆ ಕೊಡಿ. ಅವರು ಬಾಯಿಬಿಟ್ಟು ಏನೂ ಕೇಳುವಂತಿಲ್ಲ, ಚೀಟಿ ಓದಿಯೇ ಅದೇ ತೊಂದರೆಯನ್ನು ತಮ್ಮ ಕಂಪ್ಯೂಟರ್‌ನಲ್ಲಿ ಕಾಣಬೇಕು. ಆಗುವುದಿಲ್ಲ. ಚೀಟಿ ವಾಪಸ್ ಬರುತ್ತದೆ. ನಾಲ್ಕನೇ ಸಲಕ್ಕೆ ಅದು ಹೀಗಾಗುತ್ತದೆ:

‘ಲಿಬ್ರೆಆಫೀಸ್ ರೈಟರ್‌ನಲ್ಲಿ ಬರೆದ ಕನ್ನಡ ಕಡತವನ್ನು ಪಿಡಿಎಫ್ ಮಾಡಿದೆ. ಪಿಡಿಎಫ್‌ನಿಂದ “ಅರ್ಥ” ಎಂಬ ಪದ ನಕಲು ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಅದಲುಬದಲಾಗುತ್ತವೆ. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಫಾಂಟ್ ಇಂಥದ್ದು, ಆವೃತ್ತಿ ಇಂಥದ್ದು, ಉಬುಂಟು. ಬೇರೆ ಎರಡು ಫಾಂಟ್‌ನಲ್ಲಿ ನೋಡಿದೆ; ಒಂದರಲ್ಲಿ ತೊಂದರೆ ಇಲ್ಲ. ಪದ ಹಾಗೆಯೇ ಅಂಟಬೇಕಿತ್ತು.’

ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎಲ್ಲಿ ಮಾಡಿದೆ, ಆಗಲೇ ಏನೇನು ಪ್ರಯತ್ನಿಸಿದೆ. ಇವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳಿಂದಲೇ ಹೊರಡಿಸಿ. ಚೀಟಿ ಮೂರು ಸಲ ವಾಪಸ್ ಬಂದವರಿಗೆ ಇದನ್ನು ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ.

ಹಂತ 2: ಕೇಳುವುದು

‘ಹಾಯ್ ಸರ್’ ಎಂದು ಬರೆದು ಉತ್ತರಕ್ಕೆ ಕಾಯುವುದು ನಮ್ಮ ಮಕ್ಕಳ ದೊಡ್ಡ ಅಭ್ಯಾಸ. ಫೋನಿನಲ್ಲಿ ಅದು ಮರ್ಯಾದೆ. ಓಪನ್ ಸೋರ್ಸ್‌ನಲ್ಲಿ ಅದರಿಂದ ಎರಡು ದಿನ ಹಾಳು: ಅವರು ನಾಳೆ ‘ಹೇಳಿ’ ಅನ್ನುತ್ತಾರೆ, ನೀವು ನಾಡಿದ್ದು ಹೇಳುತ್ತೀರಿ. ನಮಸ್ಕಾರ, ಪ್ರಶ್ನೆ, ಹಿನ್ನೆಲೆ ಮೂರೂ ಒಂದೇ ಸಂದೇಶದಲ್ಲಿರಲಿ. ‘ಒಂದು ಪ್ರಶ್ನೆ ಕೇಳಬಹುದೇ?’ ಎಂದು ಅಪ್ಪಣೆ ಕೇಳುವುದೂ ಬೇಡ, ಪ್ರಶ್ನೆಯನ್ನೇ ಕೇಳಲಿ.

ಇನ್ನೊಂದು, ಖಾಸಗಿಯಾಗಿ ಕೇಳುವ ಚಾಳಿ. ಎಲ್ಲರೆದುರು ಕೇಳಿದರೆ ದಡ್ಡರೆಂದು ತಿಳಿದಾರು ಎಂಬ ಅಂಜಿಕೆ. ಸಾರ್ವಜನಿಕವಾಗಿ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಮುಂದೆ ಅದೇ ಪ್ರಶ್ನೆ ಹೊತ್ತು ಬರುವವರಿಗೂ ಸಿಗುತ್ತದೆ. ಇದನ್ನು ತರಗತಿಯಲ್ಲೇ ತೋರಿಸಲು ನನ್ನದೊಂದು ಉಪಾಯ: ಒಬ್ಬರು ನನ್ನ ಬಳಿ ಬಂದು ಪಿಸುಗುಟ್ಟಿದ ಪ್ರಶ್ನೆಗೆ ಉತ್ತರ ಕೊಡದೆ, ‘ಇದನ್ನು ಪುಟದಲ್ಲಿ ಬರಿ, ಅಲ್ಲೇ ಉತ್ತರಿಸ್ತೀನಿ’ ಅನ್ನುತ್ತೇನೆ. ವಾರದ ಕೊನೆಗೆ ಆ ಉತ್ತರಕ್ಕೆ ‘ನನಗೂ ಇದೇ ತೊಂದರೆ ಇತ್ತು’ ಎಂದು ಯಾರಾದರೂ ಬರೆದಿರುತ್ತಾರೆ.

ಇಂಗ್ಲಿಷ್ ಭಯದ ಬಗ್ಗೆಯೂ ಹೇಳಬೇಕು. ಕನ್ನಡ ಮಾಧ್ಯಮದಿಂದ ಬಂದವರು ಉದ್ದುದ್ದ ವಿನಂತಿಯ ವಾಕ್ಯಗಳ ಹಿಂದೆ ಅಡಗಿಕೊಳ್ಳುತ್ತಾರೆ. ಮೊದಲು ಕನ್ನಡದಲ್ಲಿ ಬರೆಯಿಸಿ, ವಿಷಯ ಸರಿಯಾಗಿದೆಯೇ ನೋಡಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿಸಿ. ವ್ಯಾಕರಣ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ, ಮಾಹಿತಿ ತಪ್ಪಿದರೆ ಕೆಲಸ ನಿಲ್ಲುತ್ತದೆ. ಎಐ ಕೈಲಿ ಇಡೀ ದೂರನ್ನೇ ಬರೆಸುವುದಕ್ಕೆ ನನ್ನ ತರಗತಿಯಲ್ಲಿ ಅವಕಾಶವಿಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕರ್ಲ್ ಎಂಬ, ಜಾಲದಲ್ಲಿ ದತ್ತಾಂಶ ಸಾಗಿಸುವ ತಂತ್ರಾಂಶವನ್ನು ಕಟ್ಟಿದ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದಲೇ ಈ ಹಾವಳಿಯ ಬಗ್ಗೆ ಬರೆಯುತ್ತಿದ್ದಾರೆ: ನೋಡಲು ಅಚ್ಚುಕಟ್ಟಾದ, ಒಳಗೆ ಹುರುಳಿಲ್ಲದ ಭದ್ರತಾ ದೂರುಗಳನ್ನು ಓದಿ ತಳ್ಳಿಹಾಕುವುದರಲ್ಲೇ ನಿರ್ವಾಹಕರ ಹೊತ್ತು ಹೋಗುತ್ತದೆ. ಹರಕುಮುರುಕು ಇಂಗ್ಲಿಷಿನ ನಿಜವಾದ ದೂರು ಅದಕ್ಕಿಂತ ಎಷ್ಟೋ ಮೇಲು.

ಹಂತ 3: ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆ

ಗಿಟ್‌ಗೆ ಹೋಗುವ ಮುನ್ನ ಎರಡು ವಾರ ಕನ್ನಡ ವಿಕಿಪೀಡಿಯ. ಇದು 2003ರಲ್ಲಿ ಶುರುವಾದದ್ದು, ಮಕ್ಕಳಲ್ಲಿ ಹಲವರಿಗಿಂತ ಹಳೆಯದು. ಇದನ್ನು ಆರಿಸಲು ಕಾರಣವಿದೆ: ಸಹಯೋಗದ ಎಲ್ಲ ಅಂಗಗಳೂ ಇಲ್ಲಿ ಕಣ್ಣಿಗೆ ಕಾಣುತ್ತವೆ, ಕೋಡ್ ಎಂಬ ಪರದೆ ಅಡ್ಡ ಇಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯದ ಪುಟ ತೆರೆದು ‘ಇತಿಹಾಸ’ ಒತ್ತಲು ಹೇಳಿ. ದೇವಾಲಯ 1117ರದು, ಆದರೆ ಇಲ್ಲಿ ನಾವು ಓದುವುದು ಪುಟದ ಇತಿಹಾಸ. ಯಾರು ಯಾವ ದಿನ ಯಾವ ಸಾಲು ಸೇರಿಸಿದರು, ಯಾರು ತೆಗೆದರು, ಏಕೆ ತೆಗೆದರು. ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದನ್ನು ಕಲಿತ ಮಗುವಿಗೆ ಮುಂದೆ ಗಿಟ್‌ನ ಡಿಫ್ ಹೊಸದೆನಿಸುವುದಿಲ್ಲ. ಆಮೇಲೆ ‘ಚರ್ಚೆ’ ಪುಟ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರುವ ಚರ್ಚೆಯ ಜಾಗಕ್ಕೆ ಇಟ್ಟ ಹೆಸರು ಅರಳಿ ಕಟ್ಟೆ. ಊರಿನ ಅರಳಿ ಕಟ್ಟೆಯಲ್ಲಿ ಕೂತು ಬೆಳೆದವರಿಗೆ ಆ ಹೆಸರಿನಿಂದಲೇ ಅರ್ಧ ನಿಯಮ ತಿಳಿದುಹೋಗುತ್ತದೆ.

ಕೆಲಸ ಚಿಕ್ಕದಿರಲಿ. ಮೊದಲು ತಮ್ಮ ಪ್ರಯೋಗಪುಟದಲ್ಲಿ ಬರೆದು ನೋಡಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ತಮ್ಮ ತಾಲ್ಲೂಕಿನ ಪುಟಗಳಲ್ಲಿ ಈ ವಿಷಯ ಇದೆಯೇ, ಇದ್ದರೆ ಅದಕ್ಕೆ ಆಧಾರ ಕೊಟ್ಟಿದ್ದಾರೆಯೇ ಎಂದು ಹುಡುಕಿಸಿ. ಆಧಾರವಿಲ್ಲದ ಸಾಲಿಗೆ ಆಧಾರ ಸೇರಿಸುವುದು ಒಬ್ಬರ ಒಂದು ವಾರದ ಕೆಲಸ. ಉಳಿಸುವ ಮುನ್ನ ಸಾರಾಂಶದ ಪೆಟ್ಟಿಗೆಯಲ್ಲಿ ಏನು ಬದಲಿಸಿದೆ ಎಂದು ಒಂದು ಸಾಲು. ಚರ್ಚೆ ಪುಟದಲ್ಲಿ ಬರೆದರೆ ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಬೇಕು, ಸಹಿ ತಾನಾಗಿ ಮೂಡುತ್ತದೆ.

ಪತ್ರಿಕೆಯಿಂದಲೋ ಪಠ್ಯಪುಸ್ತಕದಿಂದಲೋ ಎತ್ತಿ ಅಂಟಿಸಬಾರದು. ಇದನ್ನು ನಾನು ಸರಿಯಾಗಿ ಹೇಳದ ವರ್ಷ ಒಂದೇ ಸಂಜೆಯಲ್ಲಿ ನಮ್ಮವರ ನಾಲ್ಕು ಬರಹಗಳು ಅಳಿಸಿಹೋದವು. ತಪ್ಪು ನನ್ನದು. ಅಳಿಸಿದವರ ಚರ್ಚೆ ಪುಟಕ್ಕೆ ಹೋಗಿ ಮಕ್ಕಳ ಪರವಾಗಿ ಕ್ಷಮೆ ಕೇಳಿದೆ. ಮಕ್ಕಳು ಅದನ್ನು ಓದಿದರು. ಆ ವರ್ಷದ ಒಳ್ಳೆಯ ಪಾಠ ಅದೇ ಇರಬೇಕು.

ಹಂತ 4: ಗಿಟ್, ಒಂದು ಪದಕೋಶದ ಮೂಲಕ

ಇಲ್ಲಿಯೂ ಕೋಡ್ ಇಲ್ಲ. ತರಗತಿಗೊಂದು ರೆಪೊಸಿಟರಿ (ಯೋಜನೆಯ ಕಡತಗಳೂ ಅವುಗಳ ಇತಿಹಾಸವೂ ಇರುವ ಜಾಗ), ಅದರಲ್ಲಿ ನಮ್ಮ ಜಿಲ್ಲೆಯ ಕೆಲಸದ ಪದಗಳ ಪಟ್ಟಿ. ಕಾಫಿ ತೋಟದವರು ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಮರಗಸಿ, ಪಾರ್ಚ್‌ಮೆಂಟ್, ಚೆರ್ರಿ ತರುತ್ತಾರೆ. ಬಯಲು ಕಡೆಯವರು ಆಲೂಗಡ್ಡೆ, ರಾಗಿ, ತೆಂಗಿನ ಪದ ತರುತ್ತಾರೆ. ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ ಐದು ಪದ, ಐದು ಅರ್ಥ.

ಕೆಲಸದ ದಾರಿ ಹೊರಗಿನ ಯೋಜನೆಗಳಲ್ಲಿ ಇರುವಂತೆಯೇ ಇರಲಿ. ಮೊದಲು ಇಶ್ಯೂ, ಅಂದರೆ ಒಂದು ದೂರು ಅಥವಾ ಕೆಲಸದ ಬಗ್ಗೆ ಯೋಜನೆಯ ಪುಟದಲ್ಲಿ ಚರ್ಚೆ, ತೆರೆದು ‘ಇವನ್ನು ನಾನು ಸೇರಿಸುತ್ತೇನೆ’ ಎಂದು ಹೇಳುವುದು. ಫೋರ್ಕ್ ಮಾಡಿ, ಅಂದರೆ ಯೋಜನೆಯ ಪ್ರತಿಯನ್ನು ತನ್ನ ಖಾತೆಗೆ ತಂದುಕೊಂಡು, ತನ್ನದೊಂದು ಬ್ರಾಂಚ್‌ನಲ್ಲಿ (ಮೂಲದಿಂದ ಬೇರೆಯಾದ ಕವಲಿನಲ್ಲಿ) ಬರೆಯುವುದು. ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ. ಕಮಿಟ್ ಸಂದೇಶ ‘ಅಪ್‌ಡೇಟ್’ ಎಂದಿದ್ದರೆ ವಾಪಸ್. ‘ಹೂಮಳೆ: ತಿಂಗಳು ಸೇರಿಸಿದೆ, ಅರ್ಥ ಬಿಡಿಸಿ ಬರೆದೆ’ ಎಂದಿರಬೇಕು. ಆಮೇಲೆ ಪುಲ್ ರಿಕ್ವೆಸ್ಟ್.

ಮೂರನೇ ದಿನಕ್ಕೆ ಮರ್ಜ್ ಕಾನ್‌ಫ್ಲಿಕ್ಟ್ ಬರಲೇಬೇಕು. ತಾನಾಗಿ ಬರದಿದ್ದರೆ ಇಬ್ಬರಿಗೆ ಒಂದೇ ಸಾಲು ಕೊಟ್ಟು ಬರಿಸಿ. ಮಕ್ಕಳು ಆಗ ಗಿಟ್ ಕಡತದಲ್ಲಿ ಹಾಕುವ ಗುರುತಿನ ಗೆರೆಗಳನ್ನು ನೋಡಿ ಕಡತವೇ ಹಾಳಾಯಿತೆಂದು ಹೆದರುತ್ತಾರೆ. ಗಿಟ್ ಹೇಳುತ್ತಿರುವುದು ಇಷ್ಟೇ: ಈ ಸಾಲನ್ನು ಇಬ್ಬರು ಬೇರೆ ಬೇರೆ ತಿದ್ದಿದ್ದೀರಿ, ಯಾವುದು ಉಳಿಯಬೇಕೆಂದು ನೀವೇ ಮಾತಾಡಿ ಹೇಳಿ. ಉತ್ತರ ಕಂಪ್ಯೂಟರ್‌ನಲ್ಲಿಲ್ಲ, ಇನ್ನೊಬ್ಬರ ಬಳಿ ಇದೆ. ಸಕಲೇಶಪುರದ ಹುಡುಗ ಒಂದು ಪದಕ್ಕೆ ಕೊಟ್ಟ ಅರ್ಥಕ್ಕೂ ಬೇಲೂರಿನವಳು ಕೊಟ್ಟ ಅರ್ಥಕ್ಕೂ ಹೊಂದದೆ, ಇಬ್ಬರೂ ಅಜ್ಜಿಯರನ್ನು ಕೇಳಿ ಬಂದು, ಎರಡೂ ಅರ್ಥ ಊರಿನ ಹೆಸರಿನ ಸಮೇತ ಉಳಿದದ್ದಿದೆ.

ಕನ್ನಡದಲ್ಲಿ ಮಾಡುವವರಿಗೇ ಎದುರಾಗುವ ಒಂದು ತೊಡಕು ಹೇಳಿಬಿಡುತ್ತೇನೆ. ‘ಪಾರ್ಚ್‌ಮೆಂಟ್’ ಎಂಬ ಪದದಲ್ಲಿ ‘ಚ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರವಿದೆ. ಅದಿಲ್ಲದೆ ಟೈಪ್ ಮಾಡಿದರೆ ‘ಮ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಹುಡುಕಾಟದಲ್ಲಿ ಒಂದು ಸಿಗುತ್ತದೆ, ಇನ್ನೊಂದು ಸಿಗದು. ಪದ ಪಟ್ಟಿಗೆ ಎರಡು ಸಲ ಸೇರುತ್ತದೆ. ನಮ್ಮಲ್ಲಿ ಇದನ್ನು ಪತ್ತೆಹಚ್ಚಲು ಒಂದು ವಾರ ಹಿಡಿಯಿತು. ಈಗ ಅದಕ್ಕೊಂದು ನಿಯಮ ಬರೆದು ‘ಕೊಡುಗೆ ನೀಡುವ ಮೊದಲು ಓದಿ’ ಎಂಬ ಕಡತದಲ್ಲಿ ಇಟ್ಟಿದ್ದೇವೆ. ದೊಡ್ಡ ಯೋಜನೆಗಳ ಕಾಂಟ್ರಿಬ್ಯೂಟಿಂಗ್ ಕಡತಗಳು ಹುಟ್ಟುವುದೂ ಹೀಗೆಯೇ, ಯಾರೋ ಕಳೆದುಕೊಂಡ ಒಂದು ವಾರದಿಂದ. ಇದು ತಿಳಿದ ಮೇಲೆ ಮಕ್ಕಳು ಆ ಕಡತಗಳನ್ನು ಓದದೆ ಮುಂದೆ ಹೋಗುವುದಿಲ್ಲ.

ಹಂತ 5: ವಿಮರ್ಶೆ ಕೊಡುವುದು, ತೆಗೆದುಕೊಳ್ಳುವುದು

ಹತ್ತು ವಾರದಲ್ಲಿ ಕಷ್ಟದ ವಾರ ಇದು. ಜೂನಿಯರ್ ಹುಡುಗಿಗೆ ಸೀನಿಯರ್‌ನ ತಪ್ಪು ಕಂಡಿರುತ್ತದೆ, ಹೇಳುವುದಿಲ್ಲ. ಗೆಳೆಯನ ಪುಲ್ ರಿಕ್ವೆಸ್ಟ್‌ಗೆ ಗೆಳೆಯ ಓದದೆಯೇ ‘ಸೂಪರ್ ಮಗಾ’ ಎಂದು ಒಪ್ಪಿಗೆ ಕೊಡುತ್ತಾನೆ. ಎರಡೂ ಒಂದೇ ರೋಗ: ಕೆಲಸವನ್ನು ಮನುಷ್ಯನಿಂದ ಬೇರೆಯಾಗಿ ನೋಡಲು ಬಾರದಿರುವುದು.

ನಾನು ಮಾಡುವುದೇನೆಂದರೆ, ಪುಟದಲ್ಲಿ ಎಲ್ಲರೂ ಎಲ್ಲರಿಗೂ ‘ನೀವು’. ನಾನೂ ಮಕ್ಕಳಿಗೆ ಅಲ್ಲಿ ‘ನೀವು’ ಎಂದೇ ಬರೆಯುತ್ತೇನೆ. ಎರಡು ದಿನ ಕಿಸಕ್ಕನೆ ನಗುತ್ತಾರೆ, ಆಮೇಲೆ ಭಾಷೆ ತಾನಾಗಿ ನೇರವಾಗುತ್ತದೆ. ಪ್ರತಿ ವಿಮರ್ಶೆಯಲ್ಲೂ ಮೂರು ಇರಬೇಕು: ಯಾವ ಸಾಲು, ಏನು ಅನುಮಾನ, ಹೇಗಿದ್ದರೆ ಒಳ್ಳೆಯದು. ‘ಇದು ತಪ್ಪು’ ಅನ್ನುವ ಬದಲು ‘ಹೂಮಳೆ ಮಾರ್ಚ್–ಏಪ್ರಿಲ್‌ನಲ್ಲಿ ಬರುವುದಲ್ಲವೇ? ಇಲ್ಲಿ ಜೂನ್ ಎಂದಿದೆ, ನೋಡುತ್ತೀರಾ?’ ಎಂದರೆ ಇನ್ನೊಬ್ಬರಿಗೆ ಉತ್ತರ ಕೊಡಲು ಜಾಗ ಸಿಗುತ್ತದೆ. ಕೆಲವೊಮ್ಮೆ ತಪ್ಪು ವಿಮರ್ಶೆ ಬರೆದವರದ್ದೇ ಆಗಿರುತ್ತದೆ.

ಬಿರುಸು ಮಾತಿನ ಬಗ್ಗೆ ಮುಚ್ಚಿಡಬೇಡಿ. ಟೊರ್ವಾಲ್ಡ್ಸ್ ವರ್ಷಗಟ್ಟಲೆ ಕಟುವಾದ ವಿಮರ್ಶೆಗಳಿಗೆ ಹೆಸರಾಗಿದ್ದವರು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಬಿಡುವು ತೆಗೆದುಕೊಂಡರು. ಅದೇ ಹೊತ್ತಿಗೆ ಲಿನಕ್ಸ್ ಕರ್ನೆಲ್ (ಲಿನಕ್ಸ್‌ನ ತಿರುಳು) ಯೋಜನೆ ಹೊಸ ನಡತೆ ಸಂಹಿತೆಯನ್ನು ಒಪ್ಪಿಕೊಂಡಿತು. ನಿಮ್ಮ ರೆಪೊಸಿಟರಿಗೂ ಒಂದು ನಡತೆ ಸಂಹಿತೆ ಮಕ್ಕಳಿಂದಲೇ ಬರೆಸಿ. ಯಾರಾದರೂ ಅಸಭ್ಯವಾಗಿ ಬರೆದರೆ ಯಾರಿಗೆ ತಿಳಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

ಹಂತ 6: ಹೊರಗೆ

ಏಳನೇ ವಾರಕ್ಕೆ ನಿಜವಾದ ಯೋಜನೆಗಳು. ನಾನು ಮೊದಲು ಕಳುಹಿಸುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆಗೆ ಹಾಸನದ ಹುಡುಗ ಕೊಡಬಹುದಾದದ್ದನ್ನು ಲಂಡನ್ನಿನವರು ಕೊಡಲಾರರು. ಎನ್.ಆರ್. ವೃತ್ತದಿಂದ ಬಿ.ಎಂ. ರಸ್ತೆಯ ಉದ್ದಕ್ಕೆ ನಡೆದು ಯಾವ ಔಷಧಿ ಅಂಗಡಿ, ಯಾವ ಬಸ್ ನಿಲುಗಡೆ ನಕ್ಷೆಯಲ್ಲಿಲ್ಲ ಎಂದು ನೋಡಿ ಬರಲಿ. ಕನ್ನಡ ಹೆಸರು ಇಲ್ಲದ ಹಳ್ಳಿಗಳಿಗೆ ಕನ್ನಡ ಹೆಸರು ಸೇರಿಸುವುದು ಇನ್ನೊಂದು ಕೆಲಸ. ಆಂಡ್ರಾಯ್ಡ್ ಫೋನ್ ಇದ್ದವರಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಸುಲಭ. ನಿಂತ ಜಾಗದ ಬಗ್ಗೆ ಅದೇ ಪ್ರಶ್ನೆ ಕೇಳುತ್ತದೆ. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವಂತಿಲ್ಲ, ಕಣ್ಣಾರೆ ಕಂಡದ್ದನ್ನು ಮಾತ್ರ ಸೇರಿಸಬೇಕು. ತಂತ್ರಾಂಶಗಳ ಕನ್ನಡ ಅನುವಾದ, ಕೈಪಿಡಿಗಳ ತಿದ್ದುಪಡಿ ನಂತರದವು. ಕೋಡ್ ಬರೆಯಲು ಆಸೆಯಿದ್ದವರು ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕದ್ದು) ಎಂಬ ಗುರುತುಪಟ್ಟಿ ಅಂಟಿಸಿದ ಕೆಲಸ ಹುಡುಕಲಿ. ಆದರೆ ತಾವೇ ಬಳಸುವ ತಂತ್ರಾಂಶದಲ್ಲಿ.

ಲೆಕ್ಕ ತೋರಿಸಲು ಕೊಡುಗೆ ಬೇಡ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಓಪನ್ ಸೋರ್ಸ್ ಕಾರ್ಯಕ್ರಮ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಪುಲ್ ರಿಕ್ವೆಸ್ಟ್ ಲೆಕ್ಕಕ್ಕೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಅರ್ಥವಿಲ್ಲದ ತಿದ್ದುಪಡಿಗಳು ಎಷ್ಟು ಹರಿದವೆಂದರೆ, ಕಾರ್ಯಕ್ರಮ ನಡೆಯುತ್ತಿರುವಾಗಲೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಸೀಮಿತಗೊಳಿಸಬೇಕಾಯಿತು. 2024ರ ಆರಂಭದಲ್ಲಿ ಒಂದು ವೀಡಿಯೊ ಪಾಠ ನೋಡಿ ನಮ್ಮ ದೇಶದ ವಿದ್ಯಾರ್ಥಿಗಳು ಎಕ್ಸ್‌ಪ್ರೆಸ್ ಎಂಬ ವೆಬ್ ತಂತ್ರಾಂಶ ಯೋಜನೆಯ ರೀಡ್‌ಮಿ (ಪರಿಚಯದ) ಕಡತಕ್ಕೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳನ್ನು ಸಾಲುಸಾಲಾಗಿ ಕಳುಹಿಸಿದರು. ಆ ಮಕ್ಕಳಲ್ಲಿ ದುರುದ್ದೇಶವಿರಲಿಲ್ಲ. ಅಭ್ಯಾಸ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಅಭ್ಯಾಸಕ್ಕೆ ನಮ್ಮ ಪದಕೋಶ ಇದೆ.

ಕಾಯುವುದು

ಪುಲ್ ರಿಕ್ವೆಸ್ಟ್ ಕಳುಹಿಸಿದ ಮರುದಿನವೇ ‘ಏನಾಯ್ತು?’ ಎಂದು ಕೇಳಬಾರದು. ಎರಡು ವಾರ ಬಿಟ್ಟು ಒಂದು ಸಲ ಸೌಜನ್ಯದಿಂದ ನೆನಪಿಸಬಹುದು. ಬಹುಪಾಲು ನಿರ್ವಾಹಕರು ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರು.

ಇದು ಬರೀ ಮರ್ಯಾದೆಯ ಮಾತಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣವನ್ನು ನಾನು ಒಂದು ಇಡೀ ತರಗತಿ ಹೇಳುತ್ತೇನೆ. ಕಡತಗಳನ್ನು ಕುಗ್ಗಿಸಲು ಲಿನಕ್ಸ್‌ನಲ್ಲಿ ಬಳಸುವ, ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದ ತಂತ್ರಾಂಶ ಅದು. ಅಪರಿಚಿತ ಖಾತೆಗಳು ‘ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಅವರ ಮೇಲೆ ಒತ್ತಡ ಹೇರಿದವು. ದಣಿದ ಅವರು ಸಹಾಯಕ್ಕೆ ಬಂದವನನ್ನು ನಂಬಿದರು. ಅವನೇ ಅದರೊಳಗೆ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ, ಇಟ್ಟ. ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಸಿಕ್ಕಿಬಿತ್ತು. ತಾಳ್ಮೆಗೆಟ್ಟ ಒಂದು ಸಂದೇಶ ಆ ಕಡೆ ಒಬ್ಬಂಟಿಯಾಗಿ ಕೂತವರಿಗೆ ಏನು ಮಾಡುತ್ತದೆ ಎಂದು ಆಮೇಲೆ ಬಿಡಿಸಿ ಹೇಳಬೇಕಾಗುವುದಿಲ್ಲ.

ತಿರಸ್ಕಾರವಾದರೆ ಕಾರಣ ಓದಿ, ಥ್ಯಾಂಕ್ಸ್ ಹೇಳಿ, ಬೇಕಾದರೆ ತಿದ್ದಿ ಮತ್ತೆ ಕಳುಹಿಸಲಿ. ಉತ್ತರಿಸದೆ ಮಾಯವಾಗುವುದು ಮಾತ್ರ ಬೇಡ.

ಅಂಕ ಮತ್ತು ಮುಂದಿನ ಬ್ಯಾಚು

ಎಷ್ಟು ಪುಲ್ ರಿಕ್ವೆಸ್ಟ್ ಸೇರಿತು ಎಂಬುದಕ್ಕೆ ನಾನು ಅಂಕವನ್ನೇ ಕೊಡುವುದಿಲ್ಲ. ಅದು ಮಕ್ಕಳ ಕೈಲಿಲ್ಲ. 50 ಅಂಕದಲ್ಲಿ 20 ದೂರು ಮತ್ತು ಪ್ರಶ್ನೆಗಳ ಬರಹಕ್ಕೆ, 15 ಇನ್ನೊಬ್ಬರ ಕೆಲಸಕ್ಕೆ ಬರೆದ ವಿಮರ್ಶೆಗೆ, 10 ವಿಮರ್ಶೆ ಬಂದ ಮೇಲೆ ಮಾಡಿದ ತಿದ್ದುಪಡಿಗೆ, 5 ವಾರದ ದಿನಚರಿಗೆ. ತಿರಸ್ಕಾರವಾದ ಕೊಡುಗೆಗೂ ಪೂರ್ತಿ ಅಂಕ ಬರಬಹುದು, ಬಂದಿದೆ.

ಹತ್ತನೇ ವಾರ ಮಕ್ಕಳು ಮುಂದಿನ ಬ್ಯಾಚಿಗಾಗಿ ಕೈಪಿಡಿ ಬರೆಯುತ್ತಾರೆ: ಖಾತೆ ತೆರೆಯುವುದರಿಂದ ಹಿಡಿದು ಕಾಣದ ಆ ಯೂನಿಕೋಡ್ ಅಕ್ಷರದವರೆಗೆ. ಹೊಸ ಬ್ಯಾಚಿನ ಮೊದಲ ಕೆಲಸ ಆ ಕೈಪಿಡಿ ಓದಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿಗೆ ಇಶ್ಯೂ ತೆರೆಯುವುದು. ಕಳೆದ ಸಲ ಬಂದ ಮೊದಲ ಇಶ್ಯೂ ಆಲೂರು ಕಡೆಯ ಹುಡುಗಿಯದು: ‘ಪೆನ್ಸಿಲ್ ಗುರುತು ಒತ್ತಿ ಎಂದಿದ್ದೀರಿ. ನನ್ನ ಫೋನಿನಲ್ಲಿ ಅದು ಕಾಣಲಿಲ್ಲ. ಮೂರು ಚುಕ್ಕಿಯ ಒಳಗೂ ನೋಡಿದೆ. ಫೋನಿನ ಚಿತ್ರ ಹಾಕಿದ್ದೇನೆ.’ ಪಾಸಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ, ಕೈಪಿಡಿಯ ಆ ಸಾಲು ಬರೆದಿದ್ದ ಹುಡುಗ ರಾತ್ರಿ ಹತ್ತೂವರೆಗೆ ಅಲ್ಲೇ ಉತ್ತರ ಬರೆದಿದ್ದ.